ಮ್ಯೂಸಿಕ್ ಪ್ಲೇಯರ್ ಕೊಳ್ಳುವ ಮುಂಚೆ ಬೆಲೆಯನ್ನು ಹೀಗೆ ನೋಡಿ

ಕೊಡಗಿನ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಹಾಗಾಗಿ ಹಾಡು ತುಂಬಿಸಿ ಜೇಬಿಗೆ ಹಾಕಿಕೊಳ್ಳುವ ಪ್ಲೇಯರ್ ಇಲ್ಲಿ ಇವತ್ತಿಗೂ ಬೇಕು. ಆದರೆ ಬೆಲೆ ನೋಡಿ ಸುಮ್ನೆ ಕೊಳ್ಳಬೇಡಿ.

ಮೊದಲು ಬೆಲೆಯನ್ನು ಜಿಬಿಯಿಂದ ಭಾಗಿಸಿ. 2001ರಲ್ಲಿ ಬಂದ ಆಪಲ್ ಕಂಪನಿಯ ಮೊದಲ ಪ್ಲೇಯರ್ ಐಪಾಡ್‌ಗೆ 399 ಡಾಲರ್, ಜಾಗ 5 ಜಿಬಿ. ಜಿಬಿಗೆ ಸುಮಾರು 80 ಡಾಲರ್ ಆಯಿತು ಅಲ್ವಾ? 2005ರ ಐಪಾಡ್ ನ್ಯಾನೊದಲ್ಲಿ 2 ಜಿಬಿಗೆ 199, 4 ಜಿಬಿಗೆ 249. ಜಾಗ ಎರಡರಷ್ಟಾದರೂ ಬೆಲೆ ಏರಿದ್ದು ಕಾಲು ಭಾಗ ಮಾತ್ರ. 2008ರ ಫೆಬ್ರವರಿಯಲ್ಲಿ 2 ಜಿಬಿ ಐಪಾಡ್ ಶಫಲ್ ಅನ್ನು 69 ಡಾಲರ್‌ಗೆ ಘೋಷಿಸಿದಾಗ 1 ಜಿಬಿಯದು 79ರಿಂದ 49ಕ್ಕೆ ಇಳಿಯಿತು. ದೊಡ್ಡದು ಬಂದಾಗ ಚಿಕ್ಕದರ ಬೆಲೆ ಬೀಳುತ್ತದೆ, ಅಲ್ಲಿಯವರೆಗೆ ಕಾಯುವುದು ಲಾಭ.

ಈಗ ಲೆಕ್ಕ ಸ್ವಲ್ಪ ಬೇರೆ. ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದ್ದರೆ ಒಳಗಿನ ಮೆಮೊರಿಗೆ ಜಾಸ್ತಿ ದುಡ್ಡು ಕೊಡಲೇಬೇಡಿ. ಒಳ್ಳೆಯ ಗುಣಮಟ್ಟದ, ಅಂದರೆ 320 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡಿಗೆ ಹತ್ತು ಎಂಬಿ ಸಾಕು, ಅಂದರೆ 32 ಜಿಬಿ ಕಾರ್ಡಿನಲ್ಲಿ ಸುಮಾರು ಮೂರು ಸಾವಿರ ಹಾಡು ಹಿಡಿಯುತ್ತವೆ, ಒಂದು ಮನೆಗೆ ಅದಕ್ಕಿಂತ ಹೆಚ್ಚು ಯಾಕೆ ಬೇಕು? ಸೋನಿಯ ಆಂಡ್ರಾಯ್ಡ್ ವಾಕ್‌ಮನ್‌ನಂಥವು ಇಪ್ಪತ್ತು ಸಾವಿರ ರೂಪಾಯಿ ದಾಟುವುದು ಮೆಮೊರಿಯಿಂದಲ್ಲ. ಪರದೆ, ವೈಫೈ, ಒಳ್ಳೆಯ ಆಡಿಯೊ ಚಿಪ್ಪು, ಇವಕ್ಕೆ ಆ ದುಡ್ಡು. ಹಳೇ ಎಂಪಿ3 ಹಾಡುಗಳನ್ನು ಸಾಧಾರಣ ಇಯರ್‌ಫೋನ್‌ನಲ್ಲಿ ಕೇಳುವವರಿಗೆ ಅದು ದಂಡ.

ಕಾರ್ಡಿಗೆ ಮಾತ್ರ ಕಾಯಬೇಡಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಏರಿತು. ತೀರಾ ಅಗ್ಗಕ್ಕೆ ಸಿಗುವ ಕಾರ್ಡು ಎಷ್ಟೋ ಸಲ ನಕಲಿ. ಪೂರ್ತಿ ತುಂಬಿಸಿ, ಕೊನೆಯ ಹಾಡುಗಳು ಓಡುತ್ತವೆಯೇ ನೋಡಿ.

ಹಳೇ ಐಪಾಡ್ ಆಸೆ ಇದ್ದರೆ ಎಚ್ಚರ. 2022ರಲ್ಲಿ ಕೊನೆಯ ಮಾದರಿ ಐಪಾಡ್ ಟಚ್ ನಿಂತ ಮೇಲೆ ಹೊಸ ಐಪಾಡ್ ಬರುತ್ತಿಲ್ಲ, ಆದ್ದರಿಂದ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬ್ಯಾಟರಿ ಬದಲಿಸುವ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ.

ಕಾಫಿ ದುಡ್ಡು ಕೈಗೆ ಬರುವುದು ಕುಯ್ಲು ಮುಗಿದ ಮೇಲೆ, ಆನ್‌ಲೈನ್ ರಿಯಾಯಿತಿ ಬರುವುದು ದಸರಾ ದೀಪಾವಳಿ ಹೊತ್ತಿಗೆ. ಹಾಗಂತ ಕಂತಿನಲ್ಲಿ ಕೊಂಡು ಬಡ್ಡಿ ಕಟ್ಟಿದರೆ ರಿಯಾಯಿತಿ ಅಲ್ಲಿಗೇ ಹೋಯಿತು. ಮೊದಲೇ ಸ್ವಲ್ಪ ತೆಗೆದಿಡಿ. ಎಫ್‌ಎಂ ಇರುವುದನ್ನೇ ಆರಿಸಿ, ಮಡಿಕೇರಿ ಆಕಾಶವಾಣಿ 103.1ರಲ್ಲಿ ಸಿಗುತ್ತದೆ. ಇಂಥ ಪ್ಲೇಯರ್‌ಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ, ಅದನ್ನು ಸಿಕ್ಕಿಸದೆ ರೇಡಿಯೊ ಸರಿಯಿಲ್ಲ ಎಂದು ವಾಪಸ್ ಕಳಿಸಬೇಡಿ.