ದೊಡ್ಡ, ಹಳೆ ಬೈಂಡ್ ಪುಸ್ತಕಗಳಿಗೆ ಮನೆಯಲ್ಲೇ ಸ್ಕ್ಯಾನರ್ ಕಟ್ಟೋದು ಹೇಗೆ

ಹಳೆ ಪತ್ರಿಕೆಯ ವರ್ಷದ ಸಂಪುಟ, ಶಾನುಭೋಗರ ಲೆಕ್ಕದ ಪುಸ್ತಕ, ಅಂಗಡಿಯ ದೊಡ್ಡ ಖಾತೆ ಪುಸ್ತಕ. ಇಂಥವನ್ನು ದಯವಿಟ್ಟು ಝೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಒತ್ತಿದರೆ ಬೆನ್ನು ಬಿಟ್ಟುಕೊಳ್ಳುತ್ತದೆ, ಹಾಳೆ ಅಂಚಿನಿಂದ ಪುಡಿಯಾಗುತ್ತದೆ. 19ನೇ ಶತಮಾನದ ಕೊನೆಯಿಂದ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಜಾಸ್ತಿ. ಅದಕ್ಕೇ ಅದು ಹಳದಿಯಾಗಿ ಗರಿಗರಿಯಾಗೋದು. ಒಮ್ಮೆ ಮುರಿದರೆ ಮತ್ತೆ ಸೇರಿಸೋಕೆ ಆಗಲ್ಲ.

ಕೆಲಸ ಶುರು ಮಾಡುವ ಮೊದಲು ನಿಮ್ಮ ಪುಸ್ತಕ ಆಗಲೇ ನೆಟ್‌ನಲ್ಲಿ ಇದೆಯಾ ಅಂತ ಹುಡುಕಿ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕದಂಥ ಪ್ರಸಿದ್ಧ ಶಾಸನ ಸಂಪುಟಗಳು ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಜಾಲತಾಣದಲ್ಲಿ ಸಿಗುತ್ತವೆ. ಒಂದೇ ಪ್ರತಿ ಉಳಿದಿರುವ ಪುಸ್ತಕಕ್ಕೆ ನಿಮ್ಮ ಸಮಯ ಕೊಡಿ.

ಮನೆಯಲ್ಲಿ ಮಾಡುವ ಸ್ಕ್ಯಾನರ್ ಅಂದರೆ ಎಲ್ಲರೂ ತೋರಿಸೋದು ಎರಡು ಕ್ಯಾಮೆರಾ, ನಡುವೆ ಇಂಗ್ಲಿಷಿನ ವಿ ಆಕಾರದ ತೊಟ್ಟಿಲು, ಮೇಲಿಂದ ಇಳಿಯುವ ವಿ ಆಕಾರದ ಗಾಜು. ಮಾಮೂಲಿ ಪುಸ್ತಕಕ್ಕೆ ಅದು ಚೆನ್ನಾಗಿದೆ, ಬೇಗ ಕೆಲಸ ಆಗುತ್ತದೆ. ಆದರೆ ಐದಾರು ಕೆಜಿ ತೂಗುವ, ಹೊಲಿಗೆ ಸಡಿಲವಾದ ಸಂಪುಟಕ್ಕೆ ಅದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಪ್ರತಿ ಹಾಳೆಗೂ ಗಾಜು ಬೆನ್ನಿನ ಸಂದಿಗೇ ಇಳಿಯುತ್ತದೆ, ಎರಡೂ ಕಡೆ ಒಟ್ಟಿಗೆ ಒತ್ತುತ್ತದೆ. ಬದಲಿಗೆ ಒಂದೇ ಕ್ಯಾಮೆರಾ ಇಟ್ಟು ಒಂದು ಸಲಕ್ಕೆ ಒಂದೇ ಪುಟ ತೆಗೆಯುವ ಸ್ಟ್ಯಾಂಡ್ ಮಾಡಿ. ಫೋಟೋ ತೆಗೆಯುವ ಪುಟ ಅಂಗಾತ ಮಲಗಿರುತ್ತದೆ, ಇನ್ನೊಂದು ಅರ್ಧ 110 ಡಿಗ್ರಿ ಆಸುಪಾಸಿನಲ್ಲಿ ಒರಗು ಹಲಗೆಗೆ ಒರಗಿರುತ್ತದೆ. ಮೊದಲು ಬಲಪುಟಗಳನ್ನೆಲ್ಲ ಮುಗಿಸಿ, ಆಮೇಲೆ ಪುಸ್ತಕವನ್ನು ತಿರುಗಿಸಿಟ್ಟು ಎಡಪುಟಗಳನ್ನು ತೆಗೆಯೋದು. ನಿಧಾನ, ನಿಜ. ಪುಸ್ತಕ ಉಳಿಯುತ್ತದೆ ಅಲ್ವಾ, ಅದು ಮುಖ್ಯ.

ಮರದ ಕೆಲಸ ಕಷ್ಟ ಇಲ್ಲ. 18 ಎಂಎಂ ಪ್ಲೈವುಡ್‌ನಲ್ಲಿ 30 ಇಂಚು ಉದ್ದ, 24 ಇಂಚು ಅಗಲದ ತಳ. ಬೆಂಗಳೂರಿನಲ್ಲಿದ್ದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ ಅಳತೆಗೆ ಕೊಯ್ಸಿಕೊಂಡೇ ಬರಬಹುದು. ಒರಗು ಹಲಗೆಯನ್ನು ತಳಕ್ಕೆ ಜಡಿಯಬೇಡಿ. ಅದಕ್ಕೆ ಅದರದ್ದೇ ಪಾದ ಇರಲಿ, ಹಿಂದೆ ಎರಡು ಊರೆ ಕೊಡಿ, ತಳದ ಮೇಲೆ ಎರಡು ರೀಪರ್ ಪಟ್ಟಿಗಳ ನಡುವೆ ಹಿಂದೆ ಮುಂದೆ ಜಾರುವಂತೆ ಮಾಡಿ. ಯಾಕೆ ಅಂದರೆ ಕೆಲಸ ಮುಂದುವರಿದ ಹಾಗೆ ಮಲಗಿರುವ ಕಡೆ ಹಾಳೆ ಕಡಿಮೆಯಾಗುತ್ತಾ ಒರಗಿದ ಕಡೆ ದಪ್ಪ ಆಗುತ್ತಾ ಹೋಗುತ್ತದೆ, ಆಗ ಹಲಗೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಆ ಎಳೆತ ಪೂರ್ತಿ ಹೊಲಿಗೆಯ ಮೇಲೆ ಬೀಳುತ್ತದೆ. ತಳಕ್ಕೂ ಒರಗು ಹಲಗೆಗೂ ನಡುವೆ ಬೆನ್ನಿಗೆ ಜಾಗ ಬಿಟ್ಟು, ಸುತ್ತಿದ ಟವೆಲ್ ಒಂದನ್ನು ಅಡಿಗೆ ಕೊಡಿ. ಬೆನ್ನು ಗಾಳಿಯಲ್ಲಿ ತೂಗಬಾರದು.

ಹಲಗೆಗಳಿಗೆ ಉಪ್ಪುಕಾಗದ ಚೆನ್ನಾಗಿ ಉಜ್ಜಿ, ಮೇಲೆ ಕೋರಾ ಬಟ್ಟೆ ಹೊದಿಸಿ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬಣ್ಣದ ಬಟ್ಟೆ ಬೇಡ, ಬಣ್ಣ ರಟ್ಟಿಗೆ ಹತ್ತುತ್ತದೆ. ಒರಗಿರುವ ಹಾಳೆಗಳು ಮುಂದಕ್ಕೆ ಬೀಳದಂತೆ ಅಗಲವಾದ ಹತ್ತಿ ಲಾಡಿಯನ್ನು ಸಡಿಲವಾಗಿ ಸುತ್ತಿ. ರಬ್ಬರ್ ಬ್ಯಾಂಡ್ ಖಂಡಿತ ಬೇಡ.

ಈಗ ಕ್ಯಾಮೆರಾ. ಲೆಕ್ಕ ಸರಳ. ಪುಟ 12 ಇಂಚು ಅಗಲ, 18 ಇಂಚು ಉದ್ದ ಅಂದುಕೊಳ್ಳಿ. ಇಂಚಿಗೆ 300 ಚುಕ್ಕಿ ಬೇಕು ಅಂದರೆ 3600 ಗುಣಿಸು 5400, ಅಂದರೆ ಹತ್ತಿರಹತ್ತಿರ 19.5 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್‌ನ ಹಳೆ ಡಿಎಸ್ಎಲ್ಆರ್ ಸಾಕು, ಸೆಕೆಂಡ್ ಹ್ಯಾಂಡ್ ಇದ್ದರೂ ಪರವಾಗಿಲ್ಲ. 12 ಮೆಗಾಪಿಕ್ಸೆಲ್ ಫೋನ್‌ನಲ್ಲಿ ಇದೇ ಪುಟ ತೆಗೆದರೆ ಇಂಚಿಗೆ ಸುಮಾರು 220 ಚುಕ್ಕಿ ಬರುತ್ತದೆ. ಓದೋಕೆ ಆಗುತ್ತದೆ, ಆದರೆ ಸಣ್ಣ ಅಚ್ಚಿನ ಒತ್ತಕ್ಷರಗಳು ಕಲಸಿಹೋಗುತ್ತವೆ. ಜೊತೆಗೆ 50 ಎಂಎಂ ಲೆನ್ಸ್ ಹಾಕಿ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು, ಅಗ್ಗದ ಡಿಎಸ್ಎಲ್ಆರ್‌ಗಳಲ್ಲಿ ಇರೋದು) ಆದರೆ ಈ ಅಳತೆಯ ಪುಟಕ್ಕೆ ಕ್ಯಾಮೆರಾ ಒಂದು ಮೀಟರ್‌ಗಿಂತ ತುಸು ಮೇಲೆ ಇರಬೇಕು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ಜೂಮ್ ಪೂರ್ತಿ ಅಗಲಕ್ಕೆ ಇಟ್ಟು ತೆಗೆದರೆ ಸಾಲುಗಳು ಅಂಚಿನಲ್ಲಿ ಬಾಗುತ್ತವೆ.

ಕ್ಯಾಮೆರಾವನ್ನು ಟ್ರೈಪಾಡ್‌ಗಿಂತ ಗೋಡೆಗೆ ಹಾಕೋದು ಒಳ್ಳೆಯದು. ವೆಲ್ಡಿಂಗ್ ಶಾಪ್‌ನಲ್ಲಿ ಚೌಕ ಪೈಪಿನ ಒಂದು ಬ್ರಾಕೆಟ್ ಮಾಡಿಸಿ, ತುದಿಯಲ್ಲಿ ಕಾಲು ಇಂಚಿನ ತೂತು ಇರಲಿ. ಕ್ಯಾಮೆರಾ ತಳದ ಸ್ಕ್ರೂ ಅಂದರೆ ಕಾಲು ಇಂಚು, ಇಂಚಿಗೆ 20 ಸುತ್ತು. ಎಸ್‌ಜೆಪಿ ರೋಡಿನ ನಟ್-ಬೋಲ್ಟ್ ಅಂಗಡಿಯಲ್ಲಿ ಹಾಗೇ ಕೇಳಿ. ಉದ್ದ ಜಾಸ್ತಿ ಇರೋದು ಹಾಕಿ ಬಿಗಿದರೆ ಕ್ಯಾಮೆರಾ ತಳ ಒಡೆಯುತ್ತದೆ, ಹುಷಾರು. ಕ್ಯಾಮೆರಾ ನೇರವಾಗಿದೆಯಾ ಅಂತ ನೋಡೋಕೆ ಪುಟ ಮಲಗುವ ಜಾಗದಲ್ಲಿ ಒಂದು ಕನ್ನಡಿ ಇಡಿ. ಸ್ಕ್ರೀನಿನ ಸರಿಯಾದ ನಡುವೆ ಲೆನ್ಸ್‌ನ ಪ್ರತಿಬಿಂಬ ಕಂಡರೆ ಮುಗೀತು. ರಸಮಟ್ಟಕ್ಕಿಂತ ಇದು ಹೆಚ್ಚು ನಂಬಬಹುದಾದ ಪರೀಕ್ಷೆ.

ಗಾಜಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಳೆ ಗರಿಗರಿಯಾಗಿದ್ದರೆ ಗಾಜು ಬೇಡವೇ ಬೇಡ, ಸ್ವಲ್ಪ ಉಬ್ಬು ಇದ್ದರೂ ಹಾಗೇ ತೆಗೆಯಿರಿ. ಹಾಳೆ ಗಟ್ಟಿ ಇದ್ದು ಅಲೆ ಅಲೆಯಾಗಿದ್ದರೆ ಮಾತ್ರ 3 ಎಂಎಂ ಗಾಜು, ಅಂಚು ಪಾಲಿಶ್ ಮಾಡಿಸಿದ್ದು. 14 ಇಂಚಿಗೆ 20 ಇಂಚಿನ ತುಂಡು 1.3 ಕೆಜಿ ಮೇಲೆ ತೂಗುತ್ತದೆ, 5 ಎಂಎಂ ಆದರೆ ಎರಡೂಕಾಲು ಕೆಜಿ. ಅದನ್ನು ಹಾಳೆಯ ಮೇಲೆ ಬಿಡಬೇಡಿ, ಎರಡು ಕೈಯಲ್ಲಿ ಹಿಡಿದು ತಾಗಿಸಿ ಅಷ್ಟೇ. ಅಕ್ರಿಲಿಕ್ ಹಗುರ ಅಂತ ಆಸೆಯಾಗುತ್ತದೆ. ಆದರೆ ಒರೆಸಿದರೆ ಅದರಲ್ಲಿ ಸ್ಟ್ಯಾಟಿಕ್ ಬರುತ್ತದೆ, ಎತ್ತುವಾಗ ಹಾಳೆಯ ಚೂರುಗಳೂ ಜೊತೆಗೆ ಎದ್ದು ಬರುತ್ತವೆ.

ಬೆಳಕಿಗೆ ಎರಡು ಎಲ್ಇಡಿ ಲೈಟ್, ಎದುರುಬದುರಾಗಿ 45 ಡಿಗ್ರಿ ಕೋನದಲ್ಲಿ. ಎಸ್‌ಪಿ ರೋಡಿನಲ್ಲಿ ಕೊಳ್ಳುವಾಗ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋ ಅಳತೆ) 90ಕ್ಕಿಂತ ಮೇಲಿದೆಯಾ ನೋಡಿ. ಒರಗು ಹಲಗೆಯ ನೆರಳು ಪುಟದ ಮೇಲೆ ಬೀಳದ ಹಾಗೆ ಲೈಟನ್ನು ಪುಟದ ತಲೆ ಮತ್ತು ಬುಡದ ಕಡೆ ನಿಲ್ಲಿಸಿ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/50 ಅಥವಾ 1/25 ಸೆಕೆಂಡ್ ಇಟ್ಟರೆ ಫೋಟೋದಲ್ಲಿ ಪಟ್ಟೆ ಬರಲ್ಲ. ಅಪರ್ಚರ್ ಎಫ್ 8, ಐಎಸ್‌ಒ 100, ಬಣ್ಣದ ಸೆಟ್ಟಿಂಗ್ ಮತ್ತು ಫೋಕಸ್ ಎರಡೂ ಮ್ಯಾನುಯಲ್. ಹಾಳೆ ಕಡಿಮೆಯಾದ ಹಾಗೆ ಪುಟ ಕೆಳಗಿಳಿಯುತ್ತದೆ, ಆಗಾಗ ಅಡಿಗೆ ಮೌಂಟ್‌ಬೋರ್ಡ್ (ದಪ್ಪ ರಟ್ಟು) ತುಂಡು ಸೇರಿಸಿ ಅದೇ ಎತ್ತರಕ್ಕೆ ತನ್ನಿ. ಕಿಟಕಿ ಪರದೆ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ, ಫ್ಯಾನ್ ಕೂಡ ಆಫ್ ಮಾಡಿ.

ಕೈಗೆ ಗ್ಲೌಸ್ ಬೇಡ, ತೊಳೆದು ಒಣಗಿಸಿದ ಬರಿಗೈ ವಾಸಿ. ಗ್ಲೌಸ್ ಹಾಕಿದರೆ ಹಾಳೆ ಎಲ್ಲಿ ಬಿರಿಯುತ್ತಿದೆ ಅಂತ ಬೆರಳಿಗೆ ಗೊತ್ತಾಗಲ್ಲ. ಮುಖಕ್ಕೆ ಮಾಸ್ಕ್ ಇರಲಿ, ಬೂಷ್ಟಿನ ಧೂಳು ಒಳ್ಳೆಯದಲ್ಲ. ಹಾಳೆ ಮಗುಚುವಾಗ ಮೂಲೆಯಿಂದ ಎಳೆಯದೆ ಅಡಿಗೆ ಒಂದು ರಟ್ಟು ತೂರಿಸಿ ಇಡೀ ಹಾಳೆಗೆ ಆಸರೆ ಕೊಟ್ಟು ತಿರುಗಿಸಿ. ತೂತು ಬಿದ್ದ ಹಾಳೆಯ ಹಿಂದೆ ಖಾಲಿ ಕಾಗದ ಇಟ್ಟರೆ ಕೆಳಗಿನ ಪುಟದ ಅಕ್ಷರ ಇಣುಕಲ್ಲ. ಉದುರಿದ ಚೂರುಗಳನ್ನು ಪುಟ ಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿಡಿ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ವರ್ಷ ಕಳೆದಂತೆ ಕಂದು ಕಲೆಯಾಗಿ ಕಾಗದವನ್ನೇ ತಿನ್ನುತ್ತದೆ.

ಮೊದಲ ಫೋಟೋದಲ್ಲಿ ಪುಟದ ಪಕ್ಕ ಒಂದು ಸ್ಕೇಲ್ ಇಡಿ. ಎಡಪುಟಗಳನ್ನು ಕೊನೆಯಿಂದ ಹಿಂದಕ್ಕೆ ತೆಗೆಯುತ್ತೀರಿ, ಚಿತ್ರ ತಲೆಕೆಳಗಾಗಿಯೂ ಇರುತ್ತದೆ. ಹಾಗಾಗಿ ಆ ಫೋಲ್ಡರನ್ನು 180 ಡಿಗ್ರಿ ತಿರುಗಿಸಿ, ಕ್ರಮ ಉಲ್ಟಾ ಮಾಡಿ, ಬಲಪುಟಗಳ ಜೊತೆ ಒಂದೊಂದಾಗಿ ಹೆಣೆಯಬೇಕು. ಅದಕ್ಕೂ ಮುಂಚೆ ಎರಡೂ ಕಡೆಯ ಎಣಿಕೆ ಒಂದೇ ಇದೆಯಾ ನೋಡಿ. ಇಲ್ಲಾಂದ್ರೆ ಎಲ್ಲೋ ಎರಡು ಹಾಳೆ ಒಟ್ಟಿಗೆ ಮಗುಚಿದೆ ಅಂತ ಅರ್ಥ. ಆಮೇಲೆ ಸ್ಕ್ಯಾನ್ ಟೇಲರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಓರೆ ಸರಿಪಡಿಸಿ ಅಂಚು ಕತ್ತರಿಸಿ, ಚಿತ್ರದ ಅಕ್ಷರಗಳನ್ನು ಪಠ್ಯವಾಗಿ ಓದುವ ಟೆಸರಾಕ್ಟ್‌ಗೆ ಕೊಡಿ. ಅದಕ್ಕೆ ಕನ್ನಡ ಬರುತ್ತದೆ, ಹಳೆ ಅಚ್ಚಿನಲ್ಲಿ ತಪ್ಪುತ್ತದೆ, ಆದರೂ ಹುಡುಕೋಕೆ ತುಂಬಾ ಸಹಾಯ. ಕ್ಯಾಮೆರಾದ ಮೂಲ ಫೈಲುಗಳನ್ನು ಅಳಿಸಬೇಡಿ, ಒಂದು ಪ್ರತಿ ಬೇರೆಯವರ ಮನೆಯ ಹಾರ್ಡ್ ಡಿಸ್ಕ್‌ನಲ್ಲೂ ಇರಲಿ.

ನೆಟ್‌ಗೆ ಏರಿಸುವ ಮುನ್ನ ಹಕ್ಕು ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಎಣಿಕೆ ಮುಂದಿನ ಜನವರಿಯಿಂದ. 1960ರಲ್ಲಿ ತೀರಿಕೊಂಡವರ ಪುಸ್ತಕ 2021ರ ಜನವರಿಯಿಂದ ಎಲ್ಲರದ್ದು. ಏರಿಸುವಾಗ ಹೆಸರು, ವರ್ಷ, ಸಂಪುಟ ಸಂಖ್ಯೆ, ಅಚ್ಚಾದ ಊರು ಎಲ್ಲವನ್ನೂ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಪೂರ್ತಿ ಬರೆಯಿರಿ, ಕಾಣೆಯಾದ ಪುಟಗಳ ಸಂಖ್ಯೆಯನ್ನೂ ಅಲ್ಲೇ ಹಾಕಿ. ಅದೇ ಪುಸ್ತಕದ ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಆ ಪುಟಗಳು ಬಂದು ಸೇರಬಹುದು.