ಹಸಿ ಹುಲ್ಲಿಗೆ ಬೆಂಕಿ ಹಿಡಿಯುವುದಿಲ್ಲ ಅಂದುಕೊಂಡಿದ್ದೆ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ನಮ್ಮೂರಲ್ಲಿ ನಾನು ಬೈಹುಲ್ಲು ಸುತ್ತುವ ಬೇಲರ್ ಓಡಿಸುತ್ತೇನೆ. ಕಾರ್ತಿ, ಅಂದರೆ ಮಳೆಗಾಲದ ಭತ್ತದ ಕೊಯ್ಲಿನ ಹೊತ್ತಿಗೆ ನಮ್ಮಲ್ಲಿ ಗದ್ದೆಯ ಪಸೆ ಆರಿರುವುದಿಲ್ಲ. ಇಂಥ ಹುಲ್ಲಿಗೆ ಎಲ್ಲಿಯ ಬೆಂಕಿ ಅನ್ನುವ ಧೈರ್ಯ ನನ್ನದು.

ಒಂದು ನವೆಂಬರ್ ಮಧ್ಯಾಹ್ನ ಗ್ರೀಸ್ ಸುಟ್ಟ ವಾಸನೆ ಬಂತು. ಟ್ರ್ಯಾಕ್ಟರಿನದ್ದೇ ಇರಬೇಕು ಅಂತ ಸುಮ್ನೆ ಮುಂದೆ ಹೋದೆ. ಅಂಚಿನ ಮೇಲೆ ನಿಂತಿದ್ದ ಗದ್ದೆಯವರು ಕೂಗಿದರು, “ಹಿಂದೆ ಕಾಣಿ ಮಾರಾಯ್ರೆ, ಹೊಗೆ!”

ಟ್ರ್ಯಾಕ್ಟರಿನಿಂದ ಬೇಲರ್ ತಿರುಗಿಸುವ ಪಿಟಿಒ ಬಂದ್ ಮಾಡಿದೆ. ಸುತ್ತ ಹುಲ್ಲಿನ ಸಾಲು. ನೆಲಗಡಲೆಗೆ ಉತ್ತಿದ್ದ ಪಕ್ಕದ ಗದ್ದೆಗೆ ದಾಟಿಸಿದೆ. ಅಷ್ಟು ಸರಿಯಾಯಿತು. ಆಮೇಲೆ ಎಡವಿದೆ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ತಗೊಳ್ಳುವ ಮೊದಲೇ ಲಿವರ್ ಎಳೆದು ಬೇಲರಿನ ಹಿಂಬಾಗಿಲು ಎತ್ತಿದೆ. ಗಾಳಿ ನುಗ್ಗಿದ್ದೇ ತಡ, ಹೊಗೆ ಇದ್ದದ್ದು ಉರಿಯಾಯಿತು. ಸಿಲಿಂಡರ್ ಒತ್ತಿದರೆ ಪುಡಿ ಅರ್ಧ ಬಂದು ನಿಂತಿತು. ಸೀಟಿನ ಅಡಿಯಲ್ಲಿ ಅಲುಗಾಡಿ ಅಲುಗಾಡಿ ಒಳಗೆ ಗಟ್ಟಿಯಾಗಿತ್ತು. ಕೊನೆಗೆ ಉಳಿಸಿದ್ದು ಮನೆಯವರು ತಂದ ಕೊಡಪಾನದ ನೀರು.

ಬಿಚ್ಚಿ ನೋಡಿದಾಗ ಗೊತ್ತಾಯಿತು, ಕಾರಣ ಆ ಹಸಿ ಹುಲ್ಲೇ. ಇಬ್ಬನಿ ಆರುವ ಮೊದಲೇ ಕೆಲಸ ಶುರು ಮಾಡಿದ್ದೆ. ಮೆತ್ತಗಿನ ಹುಲ್ಲು ರೋಲರ್ ತುದಿಗೆ ಹಗ್ಗದ ಹಾಗೆ ಬಿಗಿದು ಬೇರಿಂಗಿನ ಸೀಲ್ ಕಿತ್ತಿತ್ತು. ಗ್ರೀಸ್ ಹೋಯಿತು, ಬೇರಿಂಗ್ ಕಾಯಿತು, ಮಧ್ಯಾಹ್ನದ ಒಣ ಹುಡಿ ಸಿಕ್ಕಿತು. ಇನ್ನೇನು ಬೇಕು?

ಈಗ ಗಂಟೆಗೊಮ್ಮೆ ನಿಲ್ಲಿಸುತ್ತೇನೆ. ಎಂಜಿನ್ ಆಫ್ ಮಾಡಿ, ಕೀ ಕಿಸೆಗೆ ಹಾಕಿಕೊಂಡು, ಸುತ್ತಿದ ಹುಲ್ಲನ್ನು ಕತ್ತಿಯಿಂದ ಬಿಡಿಸುತ್ತೇನೆ. ಬಿಸಿ ಅಳೆಯುವ ಗನ್ ಒಂದು ತಗೊಂಡಿದ್ದೇನೆ. ಎಲ್ಲ ಬೇರಿಂಗ್ ಒಂದು ಲೆಕ್ಕ, ಒಂದು ಮಾತ್ರ ಜಾಸ್ತಿ ತೋರಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಗದ್ದೆಯವರು ಗೊಣಗುತ್ತಾರೆ, ಗೊಣಗಲಿ. ಸಿಲಿಂಡರ್ ಈಗ ಆರು ಕಿಲೋದ್ದು, ಕೈಗೆ ಸಿಗುವಲ್ಲಿ. ಒತ್ತಡ ತೋರಿಸುವ ಮುಳ್ಳು ಹಸಿರಲ್ಲಿದ್ದರೆ ಸಾಲದು, ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಕುಲುಕಬೇಕು. ಗಾಳಿಗೆ ಬೆನ್ನು ಕೊಟ್ಟು, ಉರಿಯ ಬುಡಕ್ಕೇ ಹೊಡೆಯಬೇಕು.

ಕೊಯ್ಲು ಮಿಷನ್‌ನವರಿಗೆ ಸೈಲೆನ್ಸರ್ ಮೇಲೆ ಕೂರುವ ಹೊಟ್ಟು, ಇಲಿ ಕಡಿದ ವಯರ್, ಸೋರುವ ಡೀಸೆಲ್ ಪೈಪ್ ತಲೆನೋವು. ಅಲ್ಲೂ ಮದ್ದು ದಿನಾ ಊದಿ ಸ್ವಚ್ಛ ಮಾಡುವುದೇ.

ಹಸಿಯಾಗಿ ಸುತ್ತಿದ ಕಟ್ಟು ಒಳಗೊಳಗೇ ಕಾಯುತ್ತದೆ. ಅದನ್ನು ಹಟ್ಟಿಗೆ ತಾಗಿಸಿ ಪೇರಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮೊದಲ ಕೆಲವು ವಾರ ಕಬ್ಬಿಣದ ಸರಳು ಚುಚ್ಚಿಟ್ಟು ಎಳೆದು ಮುಟ್ಟಿ ನೋಡಬೇಕು. ಹಿಡಿಯಲಾಗದಷ್ಟು ಬಿಸಿ ಇದ್ದರೆ ಮೊದಲು 101ಕ್ಕೆ ಫೋನ್. ನೀರು ಹತ್ತಿರ ಬರುವ ತನಕ ರಾಶಿ ಬಿಡಿಸಲೇಬಾರದು. ಗಾಳಿ ತಾಗಿದರೆ ಏನಾಗುತ್ತದೆ ಅಂತ ನಾನು ಹಿಂಬಾಗಿಲು ಎತ್ತಿ ನೋಡಿದ್ದೇನಲ್ವಾ.