ಬ್ರಿಟನ್‌ನಲ್ಲಿ ಸಿಸ್ಟಿಕ್ ಫೈಬ್ರೋಸಿಸ್: ಬಿಡದ ಸೋಂಕಿಗೆ ಎನ್‌ಎಚ್‌ಎಸ್‌ನಲ್ಲಿ ಯಾರನ್ನು ಕೇಳಬೇಕು?

ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್) ಎಂದರೆ ಶ್ವಾಸಕೋಶದಲ್ಲಿ ಅಂಟು ಲೋಳೆ ಕಟ್ಟಿ ಮತ್ತೆಮತ್ತೆ ಸೋಂಕು ತರುವ, ಹುಟ್ಟಿನಿಂದಲೇ ಬರುವ ಜೀನ್ ಕಾಯಿಲೆ. ಭಾರತದಿಂದ ಬಂದ ಕೂಡಲೇ ಮನೆ ಹತ್ತಿರದ ಜಿಪಿಯಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸ್ಥಳೀಯ ಡಾಕ್ಟರು) ನೋಂದಾಯಿಸಿ. ಆದರೆ ಸಿಎಫ್ ಇರುವವರ ಎದೆಸೋಂಕನ್ನು ನೋಡುವುದು ಜಿಪಿಯಲ್ಲ, ವಿಶೇಷ ಸಿಎಫ್ ಕೇಂದ್ರ; ಅಲ್ಲಿಗೆ ರೆಫರಲ್ ಬರೆಸಿಕೊಳ್ಳಿ. ಹಳೆಯ ಕಫದ ಕಲ್ಚರ್ (ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು ಎಂಬ ವರದಿ), ಬೆವರು ಪರೀಕ್ಷೆ, ಜೀನ್ ವರದಿ ಮೂರನ್ನೂ ಊರಿನಿಂದಲೇ ತನ್ನಿ. ಜೀನ್ ವರದಿ ಮುಖ್ಯ: ಇಲ್ಲಿ ಸಾಮಾನ್ಯವಾದ ಎಫ್508ಡೆಲ್ ಎಂಬ ಜೀನ್ ರೂಪಾಂತರ ಭಾರತೀಯರಲ್ಲಿ ಅಷ್ಟಾಗಿ ಕಾಣದು, ಮಾಡ್ಯುಲೇಟರ್ ಔಷಧ (ಜೀನ್ ದೋಷದಿಂದ ಕೆಟ್ಟ ಪ್ರೋಟೀನನ್ನು ಸರಿಯಾಗಿ ಕೆಲಸ ಮಾಡಿಸುವಂಥದ್ದು) ಸಿಗುವುದೋ ಇಲ್ಲವೋ ಎಂಬುದು ರೂಪಾಂತರದ ಮೇಲೆ ನಿಂತಿದೆ.

ಪ್ರತಿ ಭೇಟಿಯಲ್ಲೂ ಕಫ ಕೊಡಬೇಕು; ಕಫ ಬರದ ಮಕ್ಕಳಿಗೆ ಗಂಟಲಿನ ಸ್ವಾಬ್. ಶ್ವಾಸಕೋಶದಲ್ಲಿ ಬೇರೂರುವ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಮೊದಲ ಸಲ ಕಂಡರೆ ತಡಮಾಡದೆ ಬೇರು ಕೀಳಲು ನೋಡುತ್ತಾರೆ: ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ, ಜೊತೆಗೆ ಸುಮಾರು 3 ತಿಂಗಳು ನೆಬ್ಯುಲೈಸರ್‌ನಲ್ಲಿ (ಔಷಧವನ್ನು ಮಂಜಿನಂತೆ ಉಸಿರಿಗೆ ಕೊಡುವ ಯಂತ್ರ) ಕೊಲಿಸ್ಟಿನ್ ಎಂಬ ಇನ್ನೊಂದು ಆಂಟಿಬಯೋಟಿಕ್. ಆರಾಮಾಯಿತೆಂದು ನಡುವೆ ನಿಲ್ಲಿಸಿದರೆ ಈ ಅವಕಾಶ ಕೈತಪ್ಪುತ್ತದೆ. ಒಂದು ವರ್ಷದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಿಟಿವ್ ಬಂದರೆ ಸೋಂಕು ದೀರ್ಘಕಾಲೀನ ಎಂದು ಲೆಕ್ಕ. ಆಗ ಗುರಿ ನಿರ್ಮೂಲನವಲ್ಲ, ಹತೋಟಿ. ಉದಾಹರಣೆಗೆ ಟೊಬ್ರಾಮೈಸಿನ್ ಎಂಬ ಆಂಟಿಬಯೋಟಿಕ್ 300 ಮಿಗ್ರಾಂ ದಿನಕ್ಕೆರಡು ಸಲ, 28 ದಿನ ನೆಬ್ಯುಲೈಸರ್‌ನಲ್ಲಿ ಉಸಿರಿಗೆಳೆದು 28 ದಿನ ಬಿಡುವುದು. ಜ್ವರ, ಕಫ ಏರಿದರೆ ಸುಮಾರು 14 ದಿನ ರಕ್ತನಾಳದ ಮೂಲಕ ಎರಡು ಆಂಟಿಬಯೋಟಿಕ್ ಒಟ್ಟಿಗೆ. ರಕ್ತನಾಳಕ್ಕೆ ಕೊಡುವಾಗ ಟೊಬ್ರಾಮೈಸಿನ್ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ರಕ್ತದಲ್ಲಿ ಅದರ ಮಟ್ಟ ನೋಡುವ ಪರೀಕ್ಷೆ ತಪ್ಪಿಸಬೇಡಿ.

ಕಫದ ವರದಿಯಲ್ಲಿ 'ರೆಸಿಸ್ಟೆಂಟ್' (ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದು) ಎಂದಿದ್ದ ಔಷಧವನ್ನೇ ಡಾಕ್ಟರು ಬರೆದರೆ ಗಾಬರಿಯಾಗಬೇಡಿ. ಶ್ವಾಸಕೋಶದೊಳಗೆ ಬ್ಯಾಕ್ಟೀರಿಯಾ ಲೋಳೆಯ ಪೊರೆ ಹೊದ್ದು, ಗುಣ ಬೇರೆಬೇರೆಯಾದ ಹಲವು ಗುಂಪುಗಳಾಗಿ ಬದುಕುತ್ತದೆ. ಲ್ಯಾಬ್ ತಟ್ಟೆಯಲ್ಲಿ ಬೆಳೆಯುವುದು ಅದರ ಒಂದು ಚೂರು ಮಾತ್ರ. ಹಾಗಾಗಿ ಹಿಂದೆ ಯಾವುದು ನಾಟಿತ್ತು ಎಂಬ ನಿಮ್ಮ ನೆನಪಿಗೆ ಇಲ್ಲಿ ನಿಜವಾದ ಬೆಲೆಯಿದೆ.

ವೀಸಾದೊಂದಿಗೆ ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್ (ಎನ್‌ಎಚ್‌ಎಸ್ ಬಳಸಲು ವಲಸಿಗರು ಕಟ್ಟುವ ಶುಲ್ಕ) ಕಟ್ಟಿದ್ದರೆ ಆಸ್ಪತ್ರೆ ಬಿಲ್ ಇಲ್ಲ. ಇಂಗ್ಲೆಂಡಿನ ವಯಸ್ಕರಿಗೆ ಜಿಪಿ ಚೀಟಿಯ ಪ್ರತಿ ಔಷಧಕ್ಕೆ 9.90 ಪೌಂಡ್ (2025ರ ದರ). ಈ ಶುಲ್ಕದಿಂದ ವಿನಾಯಿತಿ ಇರುವ ಕಾಯಿಲೆಗಳ ಪಟ್ಟಿಯಲ್ಲಿ ಸಿಎಫ್ ಇಲ್ಲ. ಆ ಪಟ್ಟಿ 1968ರದು, ಸಿಎಫ್ ಮಕ್ಕಳು ದೊಡ್ಡವರಾಗುವುದೇ ಅಪರೂಪವಾಗಿದ್ದ ಕಾಲದ್ದು! ವರ್ಷದ ಔಷಧ ಶುಲ್ಕವನ್ನೆಲ್ಲ ಒಮ್ಮೆಗೇ ಮುಂಗಡ ಕಟ್ಟುವ 114.50 ಪೌಂಡಿನ (2025ರ ದರ) ವಾರ್ಷಿಕ ಪ್ರೀಪೇಮೆಂಟ್ ಸರ್ಟಿಫಿಕೇಟ್ ಕೊಂಡರೆ ಉಳಿತಾಯ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಔಷಧ ಉಚಿತ.

ಬೇರೆ ಸಿಎಫ್ ರೋಗಿಯೊಡನೆ ಒಂದೇ ಕೋಣೆಯಲ್ಲಿ ಕೂರಿಸುವುದಿಲ್ಲ. ಅದು ಬಿಂಕವಲ್ಲ, ಒಬ್ಬರ ಸೋಂಕು ಇನ್ನೊಬ್ಬರಿಗೆ ಹರಡೀತೆಂಬ ಮುನ್ನೆಚ್ಚರಿಕೆ. ಊರಿಂದ ತಂದ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸ್ಟ್ರಿಪ್ ಇದ್ದರೆ ನುಂಗುವ ಮುನ್ನ ಸಿಎಫ್ ನರ್ಸ್‌ಗೆ ಫೋನ್ ಮಾಡಿ. ಮೈಕೊಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ, ಗುಣಪಡಿಸಲು ಕಷ್ಟವಾದ ಬ್ಯಾಕ್ಟೀರಿಯಾ ಶ್ವಾಸಕೋಶದೊಳಗೆ ಅಡಗಿದ್ದರೆ ಒಂಟಿ ಅಜಿತ್ರೊಮೈಸಿನ್ ಅದಕ್ಕೆ ಪ್ರತಿರೋಧ ಕಲಿಸಬಹುದು. ಆಮೇಲೆ ಆ ಔಷಧ ನಿಮ್ಮ ಪಾಲಿಗೆ ಇಲ್ಲದಂತಾಗುತ್ತದೆ.